ಡೆಡ್‌ವುಡ್‌ನ ಮೌಂಟ್ ಮೊರಾಯಾ: ಜಾಗ ಬದಲಿಸಿದ ಸಮಾಧಿಗಳ ಚರಿತ್ರೆ

ಕರಿಬೆಟ್ಟ (ರಾಪಿಡ್ ಸಿಟಿ)

ಅಮೆರಿಕದ ದಕ್ಷಿಣ ಡಕೋಟಾ ರಾಜ್ಯಕ್ಕೆ ಬರುವ ನಮ್ಮವರು ಮೌಂಟ್ ರಶ್‌ಮೋರ್ ನೋಡಿದ ಮೇಲೆ ಸಾಮಾನ್ಯವಾಗಿ ಡೆಡ್‌ವುಡ್‌ಗೂ ಹೋಗುತ್ತಾರೆ. ಗುಡ್ಡ ಹತ್ತಿ, ಬಂದೂಕಿನ ಕಾದಾಟಕ್ಕೆ ಹೆಸರಾದ ವೈಲ್ಡ್ ಬಿಲ್ ಹಿಕಾಕ್‌ನ ಸಮಾಧಿಯ ಮುಂದೆ ಫೋಟೊ ತೆಗೆಸಿಕೊಂಡು, ಇಳಿದು ಊಟಕ್ಕೆ ಹೋಗುತ್ತಾರೆ. ಆ ಗುಡ್ಡದ ಮೇಲಿರುವ ಮೌಂಟ್ ಮೊರಾಯಾ ಸಮಾಧಿ ಭೂಮಿಯ ಚರಿತ್ರೆ ಕನ್ನಡದಲ್ಲಿ ಒಂದು ಕಡೆ ಓದಲು ಸಿಗಬೇಕು ಎಂಬುದು ನನ್ನ ಬಹುದಿನಗಳ ಆಸೆ. ನಾನು ಶುರು ಮಾಡುತ್ತೇನೆ, ಬಲ್ಲವರು ಸೇರಿಸುತ್ತಾ ಹೋಗಿ.

ಮೊದಲು ಊರಿನ ವಿಷಯ. 1874ರಲ್ಲಿ ಕಸ್ಟರ್ ನೇತೃತ್ವದ ಸೇನಾ ತಂಡ ಬ್ಲ್ಯಾಕ್ ಹಿಲ್ಸ್ ಗುಡ್ಡಗಳಲ್ಲಿ ಚಿನ್ನವಿದೆ ಎಂಬ ಸುದ್ದಿ ತಂದಿತು. ಮರುವರ್ಷದ ಕೊನೆಯ ಹೊತ್ತಿಗೆ ಡೆಡ್‌ವುಡ್ ಕಣಿವೆಯ ತೊರೆಯಲ್ಲೂ ಚಿನ್ನ ಸಿಕ್ಕಿತು. ಒಣಗಿ ನಿಂತ ಮರಗಳಿಂದ ತುಂಬಿದ್ದ ಆ ಇಕ್ಕಟ್ಟಾದ ಕಣಿವೆಯಲ್ಲಿ 1876ರ ವಸಂತಕ್ಕೆ ಡೇರೆಗಳು, ಹಲಗೆಯ ಮನೆಗಳು, ಹೆಂಡದಂಗಡಿಗಳು, ಜೂಜಿನ ಮೇಜುಗಳು ಎದ್ದವು. ಸಾವಿರಾರು ಜನ ಬಂದು ತುಂಬಿಕೊಂಡರು. ಈಗ ಅಲ್ಲಿ ಇರುವವರು ಸಾವಿರಕ್ಕೆ ಸ್ವಲ್ಪ ಹೆಚ್ಚು.

ಜನ ಬಂದಷ್ಟೇ ಬೇಗ ಸಾವೂ ಬಂತು. ಸತ್ತವರನ್ನು ಮೊದಲು ಹೂಳುತ್ತಿದ್ದದ್ದು ಮೌಂಟ್ ಮೊರಾಯಾದಲ್ಲಿ ಅಲ್ಲ, ಊರಿಗೆ ತಾಗಿದ ತಗ್ಗಿನಲ್ಲಿದ್ದ ಇಂಗಲ್‌ಸೈಡ್ ಎಂಬ ಜಾಗದಲ್ಲಿ. 1876ರ ಆಗಸ್ಟ್ 2ರಂದು ಇಸ್ಪೀಟು ಆಡುತ್ತಿದ್ದ ಹಿಕಾಕ್‌ನನ್ನು ಜ್ಯಾಕ್ ಮೆಕಾಲ್ ಎಂಬವನು ಬೆನ್ನ ಹಿಂದೆ ಬಂದು ತಲೆಗೆ ಗುಂಡಿಕ್ಕಿ ಕೊಂದ. ಹಿಕಾಕ್ ಆ ಊರಿಗೆ ಬಂದು ಆಗ ಕೆಲವೇ ವಾರಗಳಾಗಿದ್ದವು. ಗೆಳೆಯ ಚಾರ್ಲಿ ಅಟರ್ ಅವನನ್ನು ಇಂಗಲ್‌ಸೈಡ್‌ನಲ್ಲಿ ಹೂಳಿಸಿ, ಕೊಲೆಗಾರನ ಹೆಸರನ್ನೂ ಬರೆಸಿ ಒಂದು ಮರದ ಹಲಗೆ ನೆಡಿಸಿದ. ಅದೇ ತಿಂಗಳ 20ರಂದು ಊರಿನ ಮೊದಲ ಪಾದ್ರಿ ಹೆನ್ರಿ ವೆಸ್ಟನ್ ಸ್ಮಿತ್ ಪಕ್ಕದ ಶಿಬಿರಕ್ಕೆ ಪ್ರವಚನಕ್ಕೆಂದು ನಡೆದು ಹೋಗುವಾಗ ಕೊಲೆಯಾದರು. ಅವರನ್ನು ಹೂಳಿದ್ದೂ ಇಂಗಲ್‌ಸೈಡ್‌ನಲ್ಲಿಯೇ.

ಕಣಿವೆಯಲ್ಲಿ ಸಮತಟ್ಟಾದ ನೆಲ ಎಂಬುದೇ ಕಡಿಮೆ. ಹೊಸದಾಗಿ ಬಂದವರಿಗೆ ಮನೆ ಕಟ್ಟಲು ಜಾಗ ಬೇಕಾಯಿತು. ಹಾಗಾಗಿ 1870ರ ದಶಕ ಮುಗಿಯುವ ಮುನ್ನವೇ ಬೆಟ್ಟದ ಮೇಲೆ ಮೌಂಟ್ ಮೊರಾಯಾ ತೆರೆಯಿತು, ಇಂಗಲ್‌ಸೈಡ್‌ನ ಸಮಾಧಿಗಳನ್ನು ಅಗೆದು ಮೇಲಕ್ಕೆ ಒಯ್ಯಲು ಶುರು ಮಾಡಿದರು. 1879ರಲ್ಲಿ ಹಿಕಾಕ್‌ನ ಶವವೂ ಮೇಲೇರಿತು. ಖನಿಜ ತುಂಬಿದ ಮಣ್ಣಿನ ನೀರಿನಿಂದ ದೇಹ ಕಲ್ಲಿನಂತೆ ಗಟ್ಟಿಯಾಗಿತ್ತು, ಎತ್ತಲು ಹಲವರು ಬೇಕಾದರು ಎಂದು ಆ ಕಾಲದಲ್ಲಿ ಸುದ್ದಿಯಾಯಿತು. ಪಾದ್ರಿ ಸ್ಮಿತ್ ಅವರನ್ನೂ ಆಮೇಲೆ ಮೇಲಕ್ಕೆ ತಂದರು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಅಲ್ಲಿ ಕಲ್ಲು ಇರುವವರ ಪಟ್ಟಿಯಷ್ಟನ್ನೇ ಓದಿದರೆ ಈ ಜಾಗ ಅರ್ಥವಾಗುವುದಿಲ್ಲ. ಯಾರನ್ನು ಅಲ್ಲಿಗೆ ತಂದರು, ಯಾರನ್ನು ಅಲ್ಲಿಂದ ಒಯ್ದರು, ಯಾರನ್ನು ಕೆಳಗೇ ಬಿಟ್ಟು ಮೇಲೆ ಮನೆ ಕಟ್ಟಿದರು ಎಂದು ಕೇಳುತ್ತಾ ಹೋಗಬೇಕು. ಊರಿನ ನಿಜವಾದ ಚರಿತ್ರೆ ಆ ಪ್ರಶ್ನೆಗಳ ಉತ್ತರದಲ್ಲಿದೆ.


ಕಾನೂನು ಓದುಗ

ಒಳ್ಳೆಯ ವಿಷಯ. ನನಗೆ ಮೆಕಾಲ್‌ನ ಬಗ್ಗೆ ಒಂದು ಸಂದೇಹ ಇದೆ. ಅವನನ್ನು ಡೆಡ್‌ವುಡ್‌ನಲ್ಲಿಯೇ ವಿಚಾರಣೆ ಮಾಡಿ ಬಿಡುಗಡೆ ಮಾಡಿದರು, ಆಮೇಲೆ ಬೇರೆ ಕಡೆ ಹಿಡಿದು ಗಲ್ಲಿಗೇರಿಸಿದರು ಎಂದು ಓದಿದ್ದೇನೆ. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ನಡೆಸಬಾರದು ಎಂಬ ರಕ್ಷಣೆ ಅಮೆರಿಕದ ಸಂವಿಧಾನದಲ್ಲೇ ಇದೆ, ನಮ್ಮ 20ನೇ ವಿಧಿಯಲ್ಲಿ ಇರುವ ಹಾಗೆ. ಮತ್ತೆ ಇದು ಹೇಗೆ ಸಾಧ್ಯವಾಯಿತು?


ಕರಿಬೆಟ್ಟ (ರಾಪಿಡ್ ಸಿಟಿ)

ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಮೊದಲ ವಿಚಾರಣೆ ನಡೆಸಿದ್ದು ಗಣಿಗಾರರೇ ಸೇರಿ ಮಾಡಿಕೊಂಡ ಪಂಚಾಯಿತಿ. ತನ್ನ ಅಣ್ಣನನ್ನು ಹಿಕಾಕ್ ಕೊಂದಿದ್ದ, ಅದಕ್ಕೆ ಸೇಡು ತೀರಿಸಿಕೊಂಡೆ ಎಂದು ಮೆಕಾಲ್ ಹೇಳಿದ, ಅವರು ಬಿಟ್ಟುಬಿಟ್ಟರು. ಆದರೆ 1868ರ ಫೋರ್ಟ್ ಲಾರಮಿ ಒಪ್ಪಂದದ ಪ್ರಕಾರ ಬ್ಲ್ಯಾಕ್ ಹಿಲ್ಸ್ ಅಲ್ಲಿನ ಮೂಲನಿವಾಸಿಗಳಾದ ಸೂ ಜನರಿಗೆ ಮೀಸಲಾದ ನೆಲ. ಡೆಡ್‌ವುಡ್ ಅಲ್ಲಿ ಇರಲೇಬಾರದಾಗಿದ್ದ ಊರು. ಅಕ್ರಮ ಊರಿನಲ್ಲಿ ಕೂತ ನ್ಯಾಯಸಭೆಗೆ ಕಾನೂನಿನ ಬಲವಿಲ್ಲ, ಆದ್ದರಿಂದ ಆ ಬಿಡುಗಡೆಗೂ ಬೆಲೆಯಿಲ್ಲ ಎಂದಾಯಿತು. ಡಕೋಟಾ ಪ್ರಾಂತದ ರಾಜಧಾನಿ ಯಾಂಕ್ಟನ್‌ನಲ್ಲಿ ಹೊಸದಾಗಿ ವಿಚಾರಣೆ ನಡೆದು, 1877ರ ಮಾರ್ಚ್ 1ರಂದು ಅವನನ್ನು ಗಲ್ಲಿಗೇರಿಸಿದರು.

ಮೆಕಾಲ್‌ನ ಹೆಣವೂ ಹೂಳಿದ ಜಾಗದಲ್ಲಿ ಉಳಿಯಲಿಲ್ಲ. 1881ರಲ್ಲಿ ಯಾಂಕ್ಟನ್‌ನ ಆ ಸಮಾಧಿ ಭೂಮಿಯನ್ನು ಸ್ಥಳಾಂತರಿಸುವಾಗ ಅವನ ಪೆಟ್ಟಿಗೆ ತೆರೆದರೆ ಕೊರಳಲ್ಲಿ ನೇಣಿನ ಕುಣಿಕೆ ಹಾಗೆಯೇ ಇತ್ತು ಎಂಬ ದಾಖಲೆಯಿದೆ. ಕೊಂದವನು, ಕೊಲೆಯಾದವನು ಇಬ್ಬರೂ ಐದು ವರ್ಷದೊಳಗೆ ಸಮಾಧಿಯಿಂದ ಮೇಲೆದ್ದು ಬೇರೆ ಕಡೆ ಹೋಗಬೇಕಾಯಿತು. ಪಶ್ಚಿಮದ ಊರುಗಳು ಎಷ್ಟು ಆತುರದಲ್ಲಿ ಕಟ್ಟಿಕೊಂಡವು ಎಂಬುದು ಇದರಲ್ಲೇ ಗೊತ್ತಾಗುತ್ತದೆ.


ಹೊಳೆದಂಡೆ

ಕರಿಬೆಟ್ಟ ಅವರೇ, ನೀವು ಸೂ ಜನರ ಹೆಸರನ್ನು ಒಂದು ಕಾನೂನು ತೊಡಕಿನ ಉತ್ತರವಾಗಿ ತಂದಿರಿ. ನನಗೆ ಅದು ಸಾಲದು ಅನ್ನಿಸಿತು. ಈ ಚರ್ಚೆ ಅವರಿಂದಲೇ ಆರಂಭವಾಗಬೇಕಿತ್ತು.

ಸೂ ಜನರಲ್ಲಿ ಒಂದು ಪಂಗಡವಾದ ಲಕೋಟಾ ಜನ ಆ ಗುಡ್ಡಗಳನ್ನು ಹೆ ಸಾಪಾ ಎಂದು ಕರೆಯುತ್ತಾರೆ. ಅವರಿಗೆ ಅದು ಪೂಜ್ಯ ನೆಲ. ಹಿಕಾಕ್ ಸಾಯುವುದಕ್ಕೆ ಐದಾರು ವಾರ ಮೊದಲು, 1876ರ ಜೂನ್ 25ರಂದು, ಲಿಟ್ಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ ಮತ್ತು ಶಾಯೆನ್ ಯೋಧರು ಕಸ್ಟರ್‌ನನ್ನೂ ಅವನ ಜೊತೆಗಿದ್ದ ಸೈನಿಕರನ್ನೂ ಸೋಲಿಸಿ ಕೊಂದರು. ಆ ಯುದ್ಧಕ್ಕೆ ದೊಡ್ಡ ಕಾರಣ ಇದೇ ಚಿನ್ನದ ನುಗ್ಗಾಟ. ಮರುವರ್ಷ, 1877ರ ಫೆಬ್ರುವರಿಯಲ್ಲಿ, ಅಮೆರಿಕದ ಸಂಸತ್ತು ಕಾನೂನು ಮಾಡಿ ಬ್ಲ್ಯಾಕ್ ಹಿಲ್ಸ್ ಅನ್ನು ಕಿತ್ತುಕೊಂಡಿತು. 1868ರ ಒಪ್ಪಂದದ ಪ್ರಕಾರ ಭೂಮಿ ಬಿಟ್ಟುಕೊಡಲು ವಯಸ್ಕ ಗಂಡಸರಲ್ಲಿ ನಾಲ್ಕನೇ ಮೂರು ಭಾಗದವರ ಸಹಿ ಬೇಕಿತ್ತು. ಅದರ ಹತ್ತಿರಕ್ಕೂ ಹೋಗುವಷ್ಟು ಸಹಿ ಸಿಗಲಿಲ್ಲ.

ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1980ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಈ ಭೂಮಿಗೆ ನ್ಯಾಯವಾದ ಪರಿಹಾರ ಕೊಟ್ಟಿಲ್ಲ ಎಂದು ಒಪ್ಪಿಕೊಂಡು, ಬಡ್ಡಿ ಸೇರಿ ಹತ್ತು ಕೋಟಿ ಡಾಲರಿಗೂ ಹೆಚ್ಚು ಹಣ ಕೊಡಬೇಕೆಂಬ ಕೆಳ ನ್ಯಾಯಾಲಯದ ಆದೇಶವನ್ನು ಎತ್ತಿಹಿಡಿಯಿತು. ಸೂ ಜನ ಆ ಹಣ ಮುಟ್ಟಿಲ್ಲ. ನೆಲ ಮಾರಾಟಕ್ಕಿಲ್ಲ, ನೆಲವನ್ನೇ ಕೊಡಿ ಎನ್ನುತ್ತಾರೆ. ಮುಟ್ಟದ ಹಣ ಬೆಳೆದು ಈಗ ನೂರು ಕೋಟಿ ಡಾಲರ್ ದಾಟಿದೆ. ದೇಶದ ಕಡುಬಡತನದ ಪ್ರದೇಶಗಳಲ್ಲಿ ಬದುಕುತ್ತಿರುವ ಜನ ಇಂಥ ಮೊತ್ತವನ್ನು ಬೇಡ ಎನ್ನುತ್ತಾರೆ ಎಂದರೆ ಆ ಗುಡ್ಡಗಳು ಅವರಿಗೆ ಏನು ಎಂಬುದನ್ನು ನಾವು ಯೋಚಿಸಬೇಕು.

ಮೌಂಟ್ ಮೊರಾಯಾದ ಪ್ರತಿಯೊಂದು ಕಲ್ಲೂ ಆ ನೆಲದಲ್ಲೇ ನಿಂತಿದೆ. ಮೊದಲು ಬಂದವರ ಸಮಾಧಿ ಎಂದು ಹೇಳುವಾಗ ನನಗೆ ಬಾಯಿ ಬರುವುದಿಲ್ಲ.


ಕರಿಬೆಟ್ಟ (ರಾಪಿಡ್ ಸಿಟಿ)

ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ, ಹೊಳೆದಂಡೆ ಅವರೇ. ನೀವು ಬರೆದದ್ದು ಈ ಚರ್ಚೆಯ ತಳಪಾಯವಾಗಿ ಇರಲಿ. ಒಂದು ಸಂಗತಿ ಸೇರಿಸುತ್ತೇನೆ: ಪಾದ್ರಿ ಸ್ಮಿತ್ ಅವರ ಕೊಲೆಯ ಹೊಣೆಯನ್ನು ಆಗಿನ ಊರು ಲಕೋಟಾ ಜನರ ಮೇಲೆ ಹೊರಿಸಿತು. ಕೊಂದವರು ಯಾರು ಎಂಬುದು ಸಾಬೀತಾಗಲೇ ಇಲ್ಲ. ಆದರೂ ಆ ಆರೋಪ ಪೀಳಿಗೆಗಳ ಕಾಲ ಸತ್ಯವೆಂದು ಓಡಾಡಿತು.


ವ್ಯಾಪಾರಿ ಮನೆತನ

ಎಲ್ಲ ಸರಿ, ಆದರೆ ಹಿಕಾಕ್‌ನ ಮುಂದೆ ಫೋಟೊ ತೆಗೆಸಿಕೊಳ್ಳುವವರ ಬಗ್ಗೆ ಕರಿಬೆಟ್ಟ ಅವರ ಮೊದಲ ಸಾಲುಗಳಲ್ಲಿ ಒಂದು ಬೇಸರ ಇದೆ. ಅದಕ್ಕೆ ನನ್ನ ಆಕ್ಷೇಪ. ಡೆಡ್‌ವುಡ್ 1980ರ ದಶಕದಲ್ಲಿ ಹಾಳು ಬೀಳುತ್ತಿದ್ದ ಊರು. 1961ರಲ್ಲೇ ರಾಷ್ಟ್ರೀಯ ಐತಿಹಾಸಿಕ ತಾಣ ಎಂಬ ಮನ್ನಣೆ ಸಿಕ್ಕಿತ್ತು, ಆದರೆ ಮನ್ನಣೆಯಿಂದ ಗೋಡೆ ರಿಪೇರಿ ಆಗುವುದಿಲ್ಲ. 1989ರಲ್ಲಿ ಜೂಜಿಗೆ ಕಾನೂನಿನ ಅನುಮತಿ ಕೊಟ್ಟು, ಅದರಿಂದ ಬರುವ ಆದಾಯದಲ್ಲಿ ಹಳೆಯ ಕಟ್ಟಡಗಳನ್ನು ಉಳಿಸಬೇಕು ಎಂದು ಗೊತ್ತು ಮಾಡಿದರು. ಈ ಶತಮಾನದ ಆರಂಭದಲ್ಲಿ ಮೌಂಟ್ ಮೊರಾಯಾದ ಕಲ್ಲುಗೋಡೆಗಳು, ಹಾದಿಗಳು, ಬಿದ್ದ ಗೋರಿಗಳು ರಿಪೇರಿಯಾದದ್ದು ಇಂಥ ವ್ಯವಸ್ಥೆಯಿಂದ.

ಹಿಕಾಕ್ ಎಂಬ ಹೆಸರಿಲ್ಲದಿದ್ದರೆ ಜನ ಬರುತ್ತಿರಲಿಲ್ಲ. ಜನ ಬರದಿದ್ದರೆ ಹಣ ಇರುತ್ತಿರಲಿಲ್ಲ. ಹೆಸರಿಲ್ಲದವರ ಗೋರಿಯ ಸುತ್ತ ಹುಲ್ಲು ಕತ್ತರಿಸುವ ಕೂಲಿಯೂ ಹೆಸರಿರುವವನ ಪುಣ್ಯದಿಂದಲೇ ಬರುತ್ತಿದೆ. ಇದನ್ನು ತಾತ್ಸಾರದಿಂದ ನೋಡಬೇಡಿ.


ಕರಿಬೆಟ್ಟ (ರಾಪಿಡ್ ಸಿಟಿ)

ತಾತ್ಸಾರ ಇಲ್ಲ. ಹಣದ ವಿಷಯದಲ್ಲಿ ನೀವು ಹೇಳಿದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ರಸಿದ್ಧಿ ಆ ಸಮಾಧಿಗೇ ಏನು ಮಾಡಿತು ಎಂಬುದನ್ನೂ ನೋಡಿ.

ಅಟರ್ ನೆಡಿಸಿದ ಮರದ ಹಲಗೆಯನ್ನು ನೆನಪಿಗೆಂದು ಜನ ಚೂರು ಚೂರಾಗಿ ಕತ್ತರಿಸಿಕೊಂಡು ಹೋದರು. 1891ರಲ್ಲಿ ರಿಯೊರ್ಡನ್ ಎಂಬ ಶಿಲ್ಪಿ ಹಿಕಾಕ್‌ನ ಎದೆಮಟ್ಟದ ಪ್ರತಿಮೆಯೊಂದನ್ನು ಕೆತ್ತಿ ಇಟ್ಟ. ಅದನ್ನೂ ಪ್ರವಾಸಿಗರು ಒಡೆದು ಒಡೆದು ಒಯ್ದರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಆಲ್ವಿನ್ ಸ್ಮಿತ್ ಎಂಬವರು ಮರಳುಗಲ್ಲಿನಲ್ಲಿ ಆಳೆತ್ತರದ ಪ್ರತಿಮೆ ಮಾಡಿದರು. ಸುತ್ತ ಕಬ್ಬಿಣದ ಬೇಲಿ ಹಾಕಿದರೂ ಅದೂ ಉಳಿಯಲಿಲ್ಲ. 1950ರ ದಶಕದ ಹೊತ್ತಿಗೆ ಅದನ್ನು ಅಲ್ಲಿಂದ ತೆಗೆದೇಬಿಡಬೇಕಾಯಿತು. ಈಗ ಅಲ್ಲಿರುವುದು ಕಂಚಿನದು.

ಪಕ್ಕದಲ್ಲಿರುವ ಕಲಾಮಿಟಿ ಜೇನ್ ಕಥೆಯನ್ನೂ ನೋಡಿ. ಅವಳ ನಿಜವಾದ ಹೆಸರು ಮಾರ್ಥಾ ಜೇನ್ ಕ್ಯಾನರಿ. 1903ರ ಆಗಸ್ಟ್ 1ರಂದು ಡೆಡ್‌ವುಡ್ ಪಕ್ಕದ ಟೆರಿ ಎಂಬಲ್ಲಿ, ಕುಡಿತದಿಂದ ಕುಗ್ಗಿ, ಕೈಯಲ್ಲಿ ಕಾಸಿಲ್ಲದೆ ಸತ್ತಳು. ತನ್ನನ್ನು ಹಿಕಾಕ್‌ನ ಪಕ್ಕದಲ್ಲಿ ಹೂಳಿ ಎಂದು ಕೇಳಿಕೊಂಡಿದ್ದಳು ಎಂದು ಹೇಳುತ್ತಾರೆ, ಊರು ಹಾಗೆಯೇ ಮಾಡಿತು. ಇಬ್ಬರೂ 1876ರ ಬೇಸಿಗೆಯಲ್ಲಿ ಒಂದೇ ಬಂಡಿಸಾಲಿನಲ್ಲಿ ಡೆಡ್‌ವುಡ್‌ಗೆ ಬಂದವರು. ಅವರ ಪರಿಚಯ ಕೆಲವು ವಾರಗಳದ್ದು. ಪ್ರೇಮಕಥೆ ಆಮೇಲೆ ಬೆಳೆದದ್ದು. ಕಾಯಿಲೆ ಬಿದ್ದ ಗಣಿಗಾರರ ಶುಶ್ರೂಷೆ ಮಾಡಿದವಳು ಎಂದು ಅವಳನ್ನು ನೆನೆದವರು ಆ ಊರಿನಲ್ಲಿ ಇದ್ದರು. ಆ ನೆನಪು ಹಿಂದೆ ಸರಿದು, ಹಿಕಾಕ್‌ನ ಪ್ರೇಯಸಿ ಎಂಬ ಪಟ್ಟ ಮುಂದೆ ಬಂತು. ನನಗೆ ಬೇಸರ ಇರುವುದು ಅಲ್ಲಿ.


ಮಲ್ಲಿಗೆಬಳ್ಳಿ (ಸ್ಯಾಕ್ರಮೆಂಟೊ)

ಕರಿಬೆಟ್ಟ ಅವರು "ಅಲ್ಲಿಂದ ಒಯ್ದವರು" ಎಂದರಲ್ಲ, ಆ ಕಡೆಯಿಂದ ನಾನು ಬರೆಯುತ್ತೇನೆ. ಕ್ಯಾಲಿಫೋರ್ನಿಯಾದ ಚೀನೀ ವಲಸಿಗರ ಚರಿತ್ರೆ ನನ್ನ ಆಸಕ್ತಿಯ ವಿಷಯ, ಡೆಡ್‌ವುಡ್ ಅದರಲ್ಲಿ ಬರುತ್ತಲೇ ಇರುತ್ತದೆ.

1876ರಿಂದಲೇ ಚೀನೀಯರು ಡೆಡ್‌ವುಡ್‌ಗೆ ಬಂದರು. ಮುಖ್ಯ ಬೀದಿಯ ಕೆಳತುದಿಯಲ್ಲಿ ಅವರ ಕೇರಿ ಇತ್ತು: ಬಟ್ಟೆ ಒಗೆಯುವ ಅಂಗಡಿಗಳು, ಊಟದ ಮನೆಗಳು, ಔಷಧದ ಅಂಗಡಿಗಳು. ಫೀ ಲೀ ವಾಂಗ್ ಎಂಬ ವರ್ತಕರ ವಿಂಗ್ ಸೂ ಅಂಗಡಿ ಪ್ರಸಿದ್ಧವಾಗಿತ್ತು. 1888ರ ಜುಲೈ 4ರಂದು ಅಗ್ನಿಶಾಮಕ ತಂಡಗಳ ಓಟದ ಸ್ಪರ್ಧೆಯಲ್ಲಿ ಗೆದ್ದ ಚೀನೀ ತಂಡದ ಚಿತ್ರವನ್ನು ಗ್ರೇಬಿಲ್ ಎಂಬ ಛಾಯಾಗ್ರಾಹಕ ತೆಗೆದಿದ್ದಾನೆ. ಒಂದೇ ಬಗೆಯ ಉಡುಪು ತೊಟ್ಟು ಸಾಲಾಗಿ ನಿಂತ ಯುವಕರು. 1882ರಲ್ಲೇ ಚೀನೀ ಕಾರ್ಮಿಕರು ದೇಶದೊಳಕ್ಕೆ ಬರದಂತೆ ಕಾನೂನು ಬಂದಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಚಿತ್ರ ನೋಡಬೇಕು.

ಮೌಂಟ್ ಮೊರಾಯಾದಲ್ಲಿ ಚೀನೀಯರಿಗೆ ಒಂದು ಭಾಗ ಇತ್ತು. ಈಗ ಅಲ್ಲಿ ಹೋದರೆ ಕಾಣುವ ಕಲ್ಲುಗಳು ಬಹಳ ಕಡಿಮೆ. ಏಕೆಂದರೆ ಹೂಳಿದವರಲ್ಲಿ ಹೆಚ್ಚಿನವರು ಅಲ್ಲಿ ಉಳಿಯಲಿಲ್ಲ. ಅಮೆರಿಕದಲ್ಲಿದ್ದ ಚೀನೀಯರಲ್ಲಿ ಹೆಚ್ಚಿನವರು ಗ್ವಾಂಗ್‌ಡಾಂಗ್ ಪ್ರಾಂತದವರು. ಸತ್ತವರನ್ನು ಕೆಲವು ವರ್ಷ ಮಣ್ಣಿನಲ್ಲಿಟ್ಟು, ಆಮೇಲೆ ಅಗೆದು, ಮೂಳೆಗಳನ್ನು ಒಂದೊಂದಾಗಿ ಶುಚಿ ಮಾಡಿ, ಪೆಟ್ಟಿಗೆಯಲ್ಲಿ ಜೋಡಿಸಿ, ಹೆಸರು ಮತ್ತು ಊರು ಬರೆದು ಹಡಗಿನಲ್ಲಿ ತಾಯ್ನಾಡಿಗೆ ಕಳುಹಿಸುತ್ತಿದ್ದರು. ಅದಕ್ಕೆಂದೇ ಊರಿನವರ ಸಂಘಗಳು ಚಂದಾ ಎತ್ತುತ್ತಿದ್ದವು. ಹಾಂಗ್‌ಕಾಂಗ್‌ನ ತುಂಗ್ ವಾ ಆಸ್ಪತ್ರೆ ಪೆಟ್ಟಿಗೆಗಳನ್ನು ಪಡೆದು ಹಳ್ಳಿಗಳಿಗೆ ಮುಟ್ಟಿಸುವ ಏರ್ಪಾಡು ಮಾಡುತ್ತಿತ್ತು. ಮನೆಯವರು ವರ್ಷಕ್ಕೊಮ್ಮೆ ಸಮಾಧಿ ಗುಡಿಸಿ ಎಡೆ ಇಡದಿದ್ದರೆ ಸತ್ತವನು ಪರದೇಶದಲ್ಲಿ ಅನಾಥನಾಗಿ ಅಲೆಯುತ್ತಾನೆ ಎಂಬ ನಂಬಿಕೆ. ಊರಿನಿಂದ ದೂರ ತೀರಿಕೊಂಡವರ ಅಸ್ಥಿಯನ್ನು ಪಶ್ಚಿಮವಾಹಿನಿಗೆ ತಂದು ಬಿಡುವ ನಮ್ಮ ಹಿರಿಯರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ.

1908ರಲ್ಲಿ ಅಲ್ಲಿ ಎಡೆ ಇಡುವುದಕ್ಕೆ ಒಂದು ಕಟ್ಟೆ ಮತ್ತು ಕಾಗದದ ಕಾಣಿಕೆಗಳನ್ನು ಸುಡುವುದಕ್ಕೆ ಇಟ್ಟಿಗೆಯ ಒಲೆ ಕಟ್ಟಿದರು. ಅದು ಕಾಲಕ್ರಮದಲ್ಲಿ ಬಿದ್ದುಹೋಗಿ, 2003ರಲ್ಲಿ ಮತ್ತೆ ಕಟ್ಟಲಾಯಿತು. ಕೇರಿಯ ಮಾತು ಬೇರೆ. ವಿಂಗ್ ಸೂ ಕಟ್ಟಡವನ್ನು 2005ರ ಕೊನೆಯಲ್ಲಿ ಕೆಡವಿದರು. ಆ ಸುದ್ದಿ ಓದಿದಾಗ ನನಗೆ ಬಹಳ ನೋವಾಗಿತ್ತು.


ಹೊಳೆದಂಡೆ

ಮಲ್ಲಿಗೆಬಳ್ಳಿ ಅಕ್ಕ, ಹೆಸರು ಮತ್ತು ಊರು ಬರೆದು ಕಳುಹಿಸುತ್ತಿದ್ದರು ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಹಾಗಾದರೆ ಆ ಗುಡ್ಡದಲ್ಲಿ ಅತಿ ಕಾಳಜಿಯಿಂದ ಲೆಕ್ಕ ಇಟ್ಟ ಸಮುದಾಯ, ಊರು ಹೊರಗಿಟ್ಟ ಸಮುದಾಯವೇ.


ಮಲ್ಲಿಗೆಬಳ್ಳಿ (ಸ್ಯಾಕ್ರಮೆಂಟೊ)

ಹೌದಮ್ಮ. ಅಷ್ಟಾದರೂ ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ. ಸಾಮಾನ್ಯವಾಗಿ ಗಂಡಸರ ಮೂಳೆಗಳನ್ನು ಕಳುಹಿಸುತ್ತಿದ್ದರು. ಹೆಂಗಸರು, ಎಳೆ ಮಕ್ಕಳು ಹೂಳಿದ ಕಡೆಯೇ ಉಳಿಯುತ್ತಿದ್ದದ್ದು ಹೆಚ್ಚು.


ಮೇಷ್ಟ್ರು (ತುಮಕೂರು)

ಯೆಹೂದಿಯರ ಬಗ್ಗೆ ಯಾರೂ ಬರೆದಿಲ್ಲವಲ್ಲ? ಅಲ್ಲಿ ಅವರಿಗೂ ಒಂದು ಭಾಗ ಇದೆ ಎಂದು ಕೇಳಿದ್ದೇನೆ.


ಕರಿಬೆಟ್ಟ (ರಾಪಿಡ್ ಸಿಟಿ)

ಇದೆ ಮೇಷ್ಟ್ರೇ. ಗುಡ್ಡದ ಆ ಭಾಗವನ್ನು ಹೀಬ್ರೂ ಹಿಲ್ ಎನ್ನುತ್ತಾರೆ, ಕೆಲವು ಕಲ್ಲುಗಳ ಮೇಲೆ ಹೀಬ್ರೂ ಅಕ್ಷರಗಳಿವೆ. ಊರಿನ ವ್ಯಾಪಾರದಲ್ಲಿ, ಆಡಳಿತದಲ್ಲಿ ಯೆಹೂದಿಯರ ಪಾಲು ದೊಡ್ಡದು. ಸೋಲ್ ಸ್ಟಾರ್ ಎಂಬವರು 1876ರ ಆಗಸ್ಟ್ ಆರಂಭದಲ್ಲಿ ಸೆತ್ ಬುಲ್ಲಕ್ ಜೊತೆ ಬಂಡಿ ತುಂಬ ಕಬ್ಬಿಣದ ಸಾಮಾನು ಹೇರಿಕೊಂಡು ಬಂದು ಅಂಗಡಿ ಇಟ್ಟರು. ಆಮೇಲೆ ಹಲವು ಅವಧಿಗೆ ಊರಿನ ಮೇಯರ್ ಆದರು. 1917ರಲ್ಲಿ ತೀರಿಕೊಂಡಾಗ ಅವರ ದೇಹವನ್ನು ಸೇಂಟ್ ಲೂಯಿಸ್‌ಗೆ ಒಯ್ದರು. ಊರು ಕಟ್ಟಿದವರಲ್ಲಿ ಒಬ್ಬರು ಊರಿನ ಸಮಾಧಿ ಭೂಮಿಯಲ್ಲಿ ಇಲ್ಲ.

ಅವರ ಪಾಲುದಾರ ಬುಲ್ಲಕ್ ಮಾತ್ರ ಅಲ್ಲಿಯೇ ಇದ್ದಾರೆ, ಅದೂ ಎಲ್ಲರಿಗಿಂತ ಎತ್ತರದಲ್ಲಿ. ಕೆನಡಾದಲ್ಲಿ ಹುಟ್ಟಿ ಡೆಡ್‌ವುಡ್‌ನ ಮೊದಲ ಷೆರಿಫ್ ಆದವರು, ಥಿಯೊಡೊರ್ ರೂಸ್‌ವೆಲ್ಟ್ ಅವರ ಆಪ್ತ ಗೆಳೆಯ. 1919ರ ಜನವರಿಯಲ್ಲಿ ರೂಸ್‌ವೆಲ್ಟ್ ತೀರಿಕೊಂಡಾಗ ಎದುರಿನ ಬೆಟ್ಟಕ್ಕೆ ಗೆಳೆಯನ ಹೆಸರಿಡಿಸಿ, ಅದರ ಮೇಲೆ ಕಲ್ಲಿನ ಗೋಪುರ ಕಟ್ಟಿಸಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ತಾವೂ ಹೋದರು. ಆ ಬೆಟ್ಟ ಕಾಣುವಂತೆ ಸಮಾಧಿಯನ್ನು ಮೇಲ್ಗಡೆ ಮಾಡಿದರು. ಈಗ ಪೈನ್ ಮರಗಳು ಬೆಳೆದು ನೋಟವನ್ನು ಮುಚ್ಚಿವೆ.


ಮಕ್ಕಳ ವೈದ್ಯೆ

ನಾನು ಆ ಸಮಾಧಿ ಭೂಮಿಯ ಮಕ್ಕಳ ಬಗ್ಗೆ ಎರಡು ಮಾತು ಸೇರಿಸಬಹುದೇ? ಅಲ್ಲಿನ ಪುಟ್ಟ ಸಮಾಧಿಗಳ ಸಾಲುಗಳನ್ನು ನೋಡಿ ಜನ "ಆ ಕಾಲವೇ ಕಷ್ಟದ ಕಾಲ" ಎಂದು ಮುಂದೆ ಹೋಗುತ್ತಾರೆ. ಆ ಸಾವುಗಳಿಗೆ ಹೆಸರುಗಳಿವೆ. ಡಿಫ್ತೀರಿಯಾ, ಅಂದರೆ ನಮ್ಮ ಹಿರಿಯರು ಗಂಟಲಮಾರಿ ಎನ್ನುತ್ತಿದ್ದ ರೋಗ, ಮತ್ತು ಸ್ಕಾರ್ಲೆಟ್ ಜ್ವರ. ಇವು 1870 ಮತ್ತು 80ರ ದಶಕಗಳಲ್ಲಿ ಒಂದು ಮನೆಗೆ ಹೊಕ್ಕರೆ ಒಂದೇ ವಾರದಲ್ಲಿ ಎರಡು ಮೂರು ಮಕ್ಕಳನ್ನು ಕೊಂಡೊಯ್ಯುತ್ತಿದ್ದವು. ಡಿಫ್ತೀರಿಯಾದಲ್ಲಿ ಗಂಟಲಿನೊಳಗೆ ಬೂದು ಬಣ್ಣದ ಪೊರೆ ಬೆಳೆದು ಉಸಿರಾಟದ ದಾರಿ ಕಟ್ಟಿಕೊಳ್ಳುತ್ತದೆ. ರೋಗಾಣುವಿನ ವಿಷ ಹೃದಯಕ್ಕೂ ತಾಗುತ್ತದೆ.

ಅದಕ್ಕೆ ಮದ್ದು ಎಂದು ಸಿಕ್ಕಿದ್ದು ಬೆರಿಂಗ್ ಮತ್ತು ಸಂಗಡಿಗರ ಪ್ರತಿವಿಷ, ಅದೂ 1890ರ ದಶಕದಲ್ಲಿ. ಬೆರಿಂಗ್‌ಗೆ 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬಂದದ್ದು ಇದಕ್ಕಾಗಿ. ತಡೆಯುವ ಲಸಿಕೆ ಇನ್ನೂ ಆಮೇಲಿನದು. ಸ್ಕಾರ್ಲೆಟ್ ಜ್ವರಕ್ಕೆ ಪೆನಿಸಿಲಿನ್ 1940ರ ದಶಕದವರೆಗೆ ಇರಲಿಲ್ಲ. ಅಂದರೆ ಡೆಡ್‌ವುಡ್‌ನ ಆ ತಾಯಂದಿರ ಕೈಯಲ್ಲಿ ಏನೂ ಇರಲಿಲ್ಲ. ಬೆಟ್ಟದ ಹಳ್ಳಿಯಿರಲಿ, ನ್ಯೂಯಾರ್ಕಿನ ಶ್ರೀಮಂತರ ಮನೆಯಲ್ಲೂ ಇರಲಿಲ್ಲ. ಇವತ್ತು ಲಸಿಕೆ ಹಾಕಿಸಲು ಹಿಂಜರಿಯುವ ತಂದೆ ತಾಯಿಯರನ್ನು ನೋಡಿದಾಗಲೆಲ್ಲ ಇಂಥ ಸಮಾಧಿಗಳ ನಡುವೆ ಅವರನ್ನು ಒಮ್ಮೆ ನಡೆಸಿಕೊಂಡು ಹೋಗಬೇಕು ಅನ್ನಿಸುತ್ತದೆ.


ರಾಬರ್ಟ್‌ಸನ್‌ಪೇಟೆ ಹುಡುಗ

ಕೆಜಿಎಫ್‌ನವನಾಗಿ ನಾನು ಸುಮ್ಮನಿರಲು ಆಗುತ್ತಿಲ್ಲ. ಡೆಡ್‌ವುಡ್‌ನಿಂದ ಕೆಲವೇ ಕಿಲೋಮೀಟರ್ ದೂರದ ಲೀಡ್ ಎಂಬ ಊರಿನಲ್ಲಿ ಹೋಮ್‌ಸ್ಟೇಕ್ ಚಿನ್ನದ ಗಣಿ ಇತ್ತು. ಡೆಡ್‌ವುಡ್‌ನ ತೊರೆಯ ಚಿನ್ನ ಬೇಗ ಬತ್ತಿತು, ನೂರಕ್ಕೂ ಹೆಚ್ಚು ವರ್ಷ ಆ ಸೀಮೆಯನ್ನು ಸಾಕಿದ್ದು ಹೋಮ್‌ಸ್ಟೇಕ್. ಅದರ ಮತ್ತು ನಮ್ಮ ಗಣಿಯ ನಡುವೆ ಇರುವ ನಂಟು ಕೆಲವರಿಗಷ್ಟೇ ಗೊತ್ತು.

ನಮ್ಮ ಗಣಿ 2001ರಲ್ಲಿ ಮುಚ್ಚಿತು, ಅವರದು 2002ರಲ್ಲಿ. ಎರಡಕ್ಕೂ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ನುರಿತ ಗಣಿಗಾರರು ಬಂದಿದ್ದರು. ಇನ್ನೊಂದು ಸಂಗತಿ ಹೇಳುವಾಗ ನನಗೆ ಈಗಲೂ ಎದೆಯುಬ್ಬುತ್ತದೆ. ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣವನ್ನು ಹಿಡಿಯಲು ಭೂಮಿಯ ಆಳಕ್ಕೆ ಇಳಿಯಬೇಕು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು 1965ರಲ್ಲಿ ಮೊದಲಿಗೆ ಕಂಡವರಲ್ಲಿ ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿಯಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ಕೆಲಸ ಮಾಡುತ್ತಿದ್ದ ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳ ತಂಡವೂ ಒಂದು. ಹೋಮ್‌ಸ್ಟೇಕ್‌ನಲ್ಲಿ ಸುಮಾರು 1,500 ಮೀಟರ್ ಆಳದಲ್ಲಿ ರೇಮಂಡ್ ಡೇವಿಸ್ ಸೂರ್ಯನಿಂದ ಬರುವ ನ್ಯೂಟ್ರಿನೊಗಳನ್ನು ಎಣಿಸಿದರು, 2002ರಲ್ಲಿ ನೊಬೆಲ್ ಪಡೆದರು. ಹೋಮ್‌ಸ್ಟೇಕ್ ಈಗ ದೊಡ್ಡ ಭೂಗರ್ಭ ಪ್ರಯೋಗಾಲಯ. ನಮ್ಮ ಗಣಿಗಳಲ್ಲಿ ನೀರು ತುಂಬಿದೆ.

ಸಮಾಧಿಯ ವಿಷಯಕ್ಕೆ ಬರುತ್ತೇನೆ. ಕೆಜಿಎಫ್‌ನಲ್ಲೂ ಕಾರ್ನ್‌ವಾಲ್‌ನಿಂದ ಬಂದವರ ಹೆಸರು ಕೆತ್ತಿದ ಕಲ್ಲುಗಳಿವೆ. ಆಳದಲ್ಲಿ ಬಂಡೆ ಸಿಡಿದು ಸತ್ತ, ಧೂಳಿನಿಂದ ಶ್ವಾಸಕೋಶ ಕಲ್ಲಾಗಿ ಸತ್ತ ನಮ್ಮ ತಮಿಳು, ತೆಲುಗು, ಕನ್ನಡ ಮಾತಾಡುವ ಕೂಲಿಗಳ ಹೆಸರನ್ನು ಹಾಗೆ ಕೆತ್ತಿದವರಿಲ್ಲ. ಮಲ್ಲಿಗೆಬಳ್ಳಿ ಅವರು ಬರೆದ ಹಾಗೆ ಲೆಕ್ಕ ಇಡುವ ಒಂದು ಸಂಘ ನಮಗೂ ಇರಬೇಕಿತ್ತು.


ಕಾನೂನು ಓದುಗ

ಕರಿಬೆಟ್ಟ ಅವರೇ, ಇಂಗಲ್‌ಸೈಡ್ ಏನಾಯಿತು? ಅಲ್ಲಿಂದ ಎಲ್ಲರನ್ನೂ ಮೇಲಕ್ಕೆ ಒಯ್ದರೇ?


ಕರಿಬೆಟ್ಟ (ರಾಪಿಡ್ ಸಿಟಿ)

ಒಯ್ಯಲಿಲ್ಲ. ಯಾರಿಗೆ ನೆಂಟರು, ಗೆಳೆಯರು, ಹಣ ಅಥವಾ ಹೆಸರು ಇತ್ತೋ ಅವರು ಮೇಲೇರಿದರು. ಉಳಿದವರಲ್ಲಿ ಹಲವರು ಅಲ್ಲೇ ಉಳಿದರು. ಅವರ ಮೇಲೆ ಬೀದಿ, ಮನೆ, ಅಂಗಳ ಬಂದವು. ಮರದ ಹಲಗೆಗಳು ಕೊಳೆತ ಮೇಲೆ ಗುರುತೂ ಹೋಯಿತು. ಮನೆ ಕಟ್ಟುವಾಗ, ಪಾಯ ತೋಡುವಾಗ ಆಗಾಗ ಮೂಳೆಗಳು ಸಿಗುತ್ತಾ ಬಂದಿವೆ.

2012ರಲ್ಲಿ ಆ ಬಡಾವಣೆಯಲ್ಲಿ ತಡೆಗೋಡೆ ಕೆಲಸ ನಡೆಯುವಾಗ ಒಬ್ಬ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ತಜ್ಞರು ಪರೀಕ್ಷಿಸಿ, ಚಿನ್ನದ ನುಗ್ಗಾಟದ ಕಾಲದ ಯುವಕನೆಂದು ಗುರುತಿಸಿದರು. ಹೆಸರು ತಿಳಿಯಲಿಲ್ಲ. ಕೆಲವು ವರ್ಷಗಳ ಅಧ್ಯಯನದ ನಂತರ ಊರು ಅವನನ್ನು ಮೌಂಟ್ ಮೊರಾಯಾದಲ್ಲಿ ಮರ್ಯಾದೆಯಿಂದ ಹೂಳಿತು. ಹಿಕಾಕ್‌ನನ್ನು ಮೂರು ವರ್ಷದಲ್ಲಿ ಮೇಲಕ್ಕೆ ಒಯ್ದವರು ಈ ಹುಡುಗನಿಗೆ ನೂರ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡರು. ಆದರೂ ಮಾಡಿದರು, ಅದಕ್ಕೆ ನಾನು ಆ ಊರನ್ನು ಗೌರವಿಸುತ್ತೇನೆ.


ವ್ಯಾಪಾರಿ ಮನೆತನ

ಇದನ್ನು ಓದಿ ನನ್ನ ವಾದಕ್ಕೆ ಬಲ ಬಂತು ಎಂದೇ ಹೇಳುತ್ತೇನೆ. ಚರಿತ್ರೆಯನ್ನು ಉಳಿಸುವ ಕಚೇರಿ ಆ ಊರಿನಲ್ಲಿ ಇತ್ತು, ಅದಕ್ಕೆ ಹಣ ಇತ್ತು, ಆದ್ದರಿಂದ ಆ ಯುವಕನ ಮೂಳೆಗಳು ಜೆಸಿಬಿಯ ಮಣ್ಣಿನ ಜೊತೆ ಲಾರಿ ಹತ್ತಲಿಲ್ಲ. ನಮ್ಮ ಊರುಗಳಲ್ಲಿ ಹಳೆಯ ಸ್ಮಶಾನದ ಜಾಗದಲ್ಲಿ ಬಡಾವಣೆ ಎದ್ದಾಗ ಏನಾಗುತ್ತದೆ ಎಂದು ಎಲ್ಲರೂ ಬಲ್ಲೆವು.


ಹೊಳೆದಂಡೆ

ಆ ಮಾತನ್ನು ಒಪ್ಪುತ್ತೇನೆ. ಆದರೆ ಹಣ ಇದ್ದರೆ ಸಾಲದು, ಯಾರ ಮೂಳೆಗೆ ಮರ್ಯಾದೆ ಎಂಬುದನ್ನೂ ಕೇಳಬೇಕು. ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಸಾವಿರಾರು ಮೂಲನಿವಾಸಿಗಳ ಮೂಳೆಗಳು ಪೆಟ್ಟಿಗೆಗಳಲ್ಲಿ ಕೂತಿದ್ದವು. ಅವನ್ನು ಹಿಂದಿರುಗಿಸಬೇಕು ಎಂಬ ಕಾನೂನು ಬಂದದ್ದು 1990ರಲ್ಲಿ. ಆ ಕೆಲಸ ಇನ್ನೂ ಮುಗಿದಿಲ್ಲ.


ವ್ಯಾಪಾರಿ ಮನೆತನ

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಹೊಳೆದಂಡೆ ಅವರೇ. ನಿಮ್ಮ ಮಾತು ಸರಿ.


ಮೇಷ್ಟ್ರು (ತುಮಕೂರು)

ಮುಂದಿನ ಬೇಸಿಗೆಯಲ್ಲಿ ಮಗಳ ಮನೆಗೆ ಡೆನ್ವರ್‌ಗೆ ಹೋಗುವವರಿದ್ದೇವೆ. ಅಲ್ಲಿಂದ ಈ ಊರಿಗೆ ಒಂದು ದಿನದ ದಾರಿ ಎನ್ನುತ್ತಾಳೆ. ನನ್ನ ಹೆಂಡತಿಗೆ ಮಂಡಿನೋವು. ಗುಡ್ಡ ಹತ್ತಲು ಆಗುತ್ತದೆಯೇ? ನಮಗೆ ಹಿಕಾಕ್‌ಗಿಂತ ಚೀನೀಯರ ಕಟ್ಟೆ ನೋಡುವ ಆಸೆ.


ಕರಿಬೆಟ್ಟ (ರಾಪಿಡ್ ಸಿಟಿ)

ಖಂಡಿತ ಬನ್ನಿ ಮೇಷ್ಟ್ರೇ. ಊರಿನಿಂದ ಗುಡ್ಡಕ್ಕೆ ನಡೆದು ಹತ್ತುವುದು ಬೇಡ, ಏರು ಬಹಳ ಕಡಿದು. ಕಾರು ದ್ವಾರದ ತನಕ ಹೋಗುತ್ತದೆ, ಬೇಸಿಗೆಯಲ್ಲಿ ಪ್ರವಾಸಿ ಬಸ್ಸುಗಳೂ ಇರುತ್ತವೆ. ಪ್ರವೇಶಕ್ಕೆ ಸಣ್ಣ ಶುಲ್ಕ ಇದೆ. ಅಲ್ಲಿಯೇ ನಕ್ಷೆ ಕೇಳಿ ಪಡೆಯಿರಿ, ಚೀನೀ ಭಾಗವನ್ನು ಅದರಲ್ಲಿ ಗುರುತು ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಜನರೆಲ್ಲ ನಡೆಯುವ ಹಾದಿ ಹಿಕಾಕ್ ಬಳಿಗೇ ಕರೆದೊಯ್ಯುತ್ತದೆ. ಒಳಗೂ ಏರಿಳಿತ ಇದೆ, ಅಮ್ಮನವರಿಗೆ ಊರುಗೋಲು ಇರಲಿ. ಬುಲ್ಲಕ್ ಅವರ ಸಮಾಧಿಗೆ ಹೋಗುವ ಹಾದಿ ಮಾತ್ರ ಅವರಿಗೆ ಬೇಡವೇ ಬೇಡ.

ಗುಡ್ಡಕ್ಕೆ ಹೋಗುವ ಮೊದಲು ಕೆಳಗೆ ಊರಿನಲ್ಲಿರುವ ಆಡಮ್ಸ್ ವಸ್ತುಸಂಗ್ರಹಾಲಯ ನೋಡಿ. 1930ರಲ್ಲಿ ಶುರುವಾದದ್ದು. ಜನ ಒಡೆದು ಬಿಟ್ಟ ಹಿಕಾಕ್‌ನ ಮರಳುಗಲ್ಲಿನ ಪ್ರತಿಮೆಯ ಅಳಿದುಳಿದ ಭಾಗ ಅಲ್ಲಿದೆ. ಮಧ್ಯಾಹ್ನ ಗುಡುಗು ಮಳೆ ಬರುವುದು ಆ ಕಾಲದಲ್ಲಿ ಸಾಮಾನ್ಯ, ಆದ್ದರಿಂದ ಬೆಳಿಗ್ಗೆಯೇ ಗುಡ್ಡ ಮುಗಿಸಿಕೊಳ್ಳಿ. ದಿನ ಗೊತ್ತಾದ ಮೇಲೆ ಇಲ್ಲಿ ಬರೆಯಿರಿ, ರಾಪಿಡ್ ಸಿಟಿಯಲ್ಲಿ ನಮ್ಮ ಮನೆಯಲ್ಲೇ ಊಟ.